ಆನ್‌ಲೈನ್ ಥೆರಪಿ: ಸೆಷನ್ ಪೂರ್ತಿ ವಾರದ ವರದಿಯಲ್ಲೇ ಮುಗಿಯುತ್ತಿದೆ, ಏನು ಮಾಡಬೇಕು?

ಪ್ರಶ್ನೆ

ವಾರಕ್ಕೊಂದು ವಿಡಿಯೋ ಸೆಷನ್, 50 ನಿಮಿಷ. ಕೆಲಸದ ಒತ್ತಡ, ಸಂಗಾತಿಯ ಜೊತೆ ಮನಸ್ತಾಪ, ಮುಂದಿನ ತಿಂಗಳು ಬೇರೆ ಊರಿಗೆ ವರ್ಗ, ಮೂರೂ ಒಟ್ಟಿಗೆ ಬಂದಿವೆ. ನಾಲ್ಕು ಸೆಷನ್ ಆಗಿದೆ. ಥೆರಪಿಸ್ಟ್ ತಾಳ್ಮೆಯಿಂದ ಕೇಳುತ್ತಾರೆ, ಆದರೆ ಆ ವಾರ ಏನೇನಾಯ್ತು ಅಂತ ಹೇಳುವಷ್ಟರಲ್ಲೇ 40 ನಿಮಿಷ ಕಳೆದಿರುತ್ತದೆ. ಪ್ರಯೋಜನ ಆಗುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಥೆರಪಿಸ್ಟ್ ಬದಲಿಸಬೇಕೆ? ಸಂಗಾತಿಯನ್ನೂ ಕೂರಿಸಿಕೊಳ್ಳಬಹುದೆ?

ಉತ್ತರ 1

ಈಗಲೇ ಬದಲಿಸಬೇಡಿ. ಇಡೀ ವಾರವನ್ನು ಹೇಳಲು ಹೊರಟರೆ ಯಾರ ಹತ್ತಿರ ಹೋದರೂ ಇದೇ ಆಗುತ್ತದೆ. ವಾರದ ಬದಲು ಒಂದೇ ಒಂದು ಘಟನೆ ಆರಿಸಿಕೊಳ್ಳಿ, ಅದೂ ಅರ್ಧ ಗಂಟೆಯೊಳಗೆ ನಡೆದು ಮುಗಿದದ್ದು. ಹಿಂದಿನ ದಿನವೇ ನಾಲ್ಕು ಸಾಲು ಬರೆದಿಡಿ: ಏನಾಯ್ತು, ಆ ಕ್ಷಣ ಮನಸ್ಸಿಗೆ ಏನು ಬಂತು, ಮೈಯಲ್ಲಿ ಎಲ್ಲಿ ಏನನ್ನಿಸಿತು, ಆಮೇಲೆ ಏನು ಮಾಡಿದಿರಿ.

ಉದಾಹರಣೆಗೆ: ರಾತ್ರಿ 9ಕ್ಕೆ ಮೇಲಧಿಕಾರಿಯಿಂದ ‘ನಾಳೆ ಮಾತಾಡೋಣ’ ಅಂತ ಮೆಸೇಜ್. ಮನಸ್ಸಿಗೆ ಬಂದದ್ದು ‘ಕೆಲಸಕ್ಕೇ ಕುತ್ತು’. ಎದೆ ಬಿಗಿಯಿತು. 12ರವರೆಗೆ ಹಳೆಯ ಇಮೇಲ್ ಕೆದಕಿದ್ದು. ಇಷ್ಟು ಕೈಗೆ ಸಿಕ್ಕರೆ ಥೆರಪಿಸ್ಟ್‌ಗೆ ಯೋಚನೆಯನ್ನು ಹಿಡಿದು ಕೆಲಸ ಮಾಡಬಹುದು, ದೇಹವನ್ನು ಹಿಡಿದೂ ಮಾಡಬಹುದು, ಆ ಇಮೇಲ್ ಕೆದಕುವ ಅಭ್ಯಾಸವನ್ನು ಹಿಡಿದೂ ಮಾಡಬಹುದು. ‘ಈ ವಾರ ತುಂಬಾ ಟೆನ್ಷನ್’ ಅಂದರೆ ಹಿಡಿಯಲು ಏನೂ ಇಲ್ಲ.

ದೇಹದ ಸಾಲನ್ನು ಬಿಡಲೇಬೇಡಿ. ಪರದೆಯಲ್ಲಿ ಅವರಿಗೆ ಕಾಣುವುದು ನಿಮ್ಮ ಮುಖ, ಭುಜ ಅಷ್ಟೆ. ಕಾಲು ಕುಣಿಯುತ್ತಿದ್ದರೆ, ಕೈ ಹಿಸುಕಿಕೊಳ್ಳುತ್ತಿದ್ದರೆ ನೀವೇ ಬಾಯಿಬಿಟ್ಟು ಹೇಳಬೇಕು.

ಕೊನೆಯ 10 ನಿಮಿಷವನ್ನು ಮುಂದಿನ ವಾರದ ಅಭ್ಯಾಸಕ್ಕೆ ಮೀಸಲಿಡಿ ಅಂತ ಮೊದಲೇ ಕೇಳಿಕೊಳ್ಳಿ. ‘ಸ್ವಲ್ಪ ರಿಲ್ಯಾಕ್ಸ್ ಆಗಿ’ ಎನ್ನುವುದು ಅಭ್ಯಾಸವಲ್ಲ. ‘ಮಂಗಳವಾರ, ಗುರುವಾರ ರಾತ್ರಿ 9ರ ನಂತರ ಫೋನ್ ಬೇರೆ ಕೋಣೆಯಲ್ಲಿ, ಬೆಳಿಗ್ಗೆ ಎದ್ದಾಗ ಆತಂಕಕ್ಕೆ 0ಯಿಂದ 10ರವರೆಗೆ ಒಂದು ಅಂಕ’ ಎನ್ನುವುದು ಅಭ್ಯಾಸ. ಮಾಡಲು ಆಗದಿದ್ದರೆ ಏಕೆ ಆಗಲಿಲ್ಲ ಎಂಬುದೇ ಮುಂದಿನ ಸೆಷನ್‌ನ ವಿಷಯ. ಮುಜುಗರಪಟ್ಟು ಸೆಷನ್ ರದ್ದು ಮಾಡಬೇಡಿ.

ಉತ್ತರ 2

ಮೇಲಿನವರ ಮಾತಿಗೆ ಅಳತೆಯ ವಿಷಯ ಸೇರಿಸುತ್ತೇನೆ. ಆತಂಕಕ್ಕೆ ಜಿಎಡಿ-7, ಖಿನ್ನತೆಗೆ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಗಳಿವೆ. ಎರಡೂ ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತವೆ, ಪ್ರತಿ ಪ್ರಶ್ನೆಗೆ 0ಯಿಂದ 3 ಅಂಕ. ಮೊದಲನೆಯದರ ಗರಿಷ್ಠ 21, ಎರಡನೆಯದರದ್ದು 27. ಎರಡರಲ್ಲೂ 10 ಅಥವಾ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕು ಎನ್ನುವುದು ರೂಢಿ. ಅಂಕವೇ ರೋಗನಿರ್ಣಯವಲ್ಲ. ಎರಡು ವಾರಕ್ಕೊಮ್ಮೆ ತುಂಬಿ ಥೆರಪಿಸ್ಟ್ ಜೊತೆ ಕೂತು ನೋಡಿ. ಪಿಎಚ್‌ಕ್ಯೂನಲ್ಲಿ 5 ಅಂಕ ಇಳಿದರೆ ನಿಜವಾದ ಸುಧಾರಣೆ ಎನ್ನಬಹುದು. ಒಂದೆರಡು ಅಂಕದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪಿಎಚ್‌ಕ್ಯೂನ 9ನೇ ಪ್ರಶ್ನೆ ಸಾವಿನ, ಸ್ವಹಾನಿಯ ಯೋಚನೆಗಳದ್ದು. ಅಲ್ಲಿ 0 ಬಿಟ್ಟು ಬೇರೇನೇ ಬಂದರೂ ಮುಂದಿನ ಸೆಷನ್‌ವರೆಗೆ ಕಾಯದೆ ತಿಳಿಸಿ. ಜೀವಕ್ಕೆ ಅಪಾಯ ಅನಿಸಿದರೆ ಆನ್‌ಲೈನ್ ಸೆಷನ್‌ಗೆ ಕಾಯಬಾರದು, ತುರ್ತು ಸೇವೆಗೇ ಕರೆ ಮಾಡಬೇಕು.

ಬದಲಿಸುವ ಬಗ್ಗೆ: ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಥೆರಪಿಸ್ಟ್ ಮತ್ತು ಥೆರಪಿಗೆ ಬಂದವರ ನಡುವಿನ ಹೊಂದಾಣಿಕೆಯನ್ನು ಮೂರು ಭಾಗ ಮಾಡಿದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡುವ ಕೆಲಸದ ಬಗ್ಗೆ ಒಪ್ಪಿಗೆ, ಪರಸ್ಪರ ನಂಟು. ನಿಮ್ಮಲ್ಲಿ ನಂಟು ಇದೆ, ಮೊದಲ ಎರಡು ಇನ್ನೂ ಮಾತಾಗಿಯೇ ಇಲ್ಲ. ‘ನಾವು ಯಾವ ಗುರಿಗೆ ಕೆಲಸ ಮಾಡುತ್ತಿದ್ದೇವೆ ಅಂತ ನನಗೆ ಸ್ಪಷ್ಟವಿಲ್ಲ’ ಅಂತ ನೇರವಾಗಿ ಹೇಳಿ. ಒಳ್ಳೆಯ ಥೆರಪಿಸ್ಟ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹೇಳಿದ ಮೇಲೂ ಎರಡು ಮೂರು ಸೆಷನ್ ಹಾಗೇ ನಡೆದರೆ ಆಗ ಬದಲಿಸಿ, ಆದರೆ ಈವರೆಗಿನ ಸಾರಾಂಶ ಬರೆಸಿಕೊಂಡು ಹೋಗಿ. ಇಲ್ಲದಿದ್ದರೆ ಹೊಸಬರ ಹತ್ತಿರ ಮೊದಲಿನಿಂದ ಎಲ್ಲ ಹೇಳಬೇಕಾಗುತ್ತದೆ.

ಉತ್ತರ 3

ಸಂಗಾತಿಯನ್ನು ತಟ್ಟನೆ ಕ್ಯಾಮೆರಾ ಮುಂದೆ ಕೂರಿಸಬೇಡಿ. ನೀವು ಒಬ್ಬರೇ ಹೇಳಿದ ಗುಟ್ಟುಗಳು ಥೆರಪಿಸ್ಟ್ ಬಳಿ ಇವೆ, ಅವರು ಇಬ್ಬರಿಗೂ ಸಮಾನವಾಗಿ ನಿಲ್ಲುವುದು ಕಷ್ಟ. ಆದ್ದರಿಂದ ಜೋಡಿ ಥೆರಪಿಗೆ ಬೇರೆಯವರನ್ನು ಸೂಚಿಸುವುದೇ ಹೆಚ್ಚು. ಒಂದೇ ಒಂದು ಸಲ ಕರೆಯುವುದಾದರೆ ಏನು ಮಾತಾಡಬಹುದು, ಏನು ಬೇಡ ಎಂದು ಮೊದಲೇ ನಿಮ್ಮ ಮತ್ತು ಥೆರಪಿಸ್ಟ್ ನಡುವೆ ತೀರ್ಮಾನವಾಗಿರಲಿ. ಸಂಗಾತಿಯ ಬಗ್ಗೆ ಹೆದರಿಕೆ ಇದ್ದರೆ, ಹೊಡೆತ ಬೆದರಿಕೆ ಇದ್ದರೆ ಜಂಟಿ ಸೆಷನ್ ಬೇಡವೇ ಬೇಡ: ಅಲ್ಲಿ ಆಡಿದ ಮಾತಿಗೆ ಕರೆ ಮುಗಿದ ಮೇಲೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಅದನ್ನು ಒಬ್ಬರೇ ಇದ್ದಾಗ ಥೆರಪಿಸ್ಟ್‌ಗೆ ತಿಳಿಸಿ.

ವರ್ಗದ ವಿಷಯ ಇವತ್ತೇ ಹೇಳಿ. ಥೆರಪಿಸ್ಟ್‌ನ ಪರವಾನಗಿ ಎಷ್ಟೋ ಕಡೆ ಪ್ರದೇಶಕ್ಕೆ ಸೀಮಿತ. ನೀವು ಗಡಿ ದಾಟಿದರೆ ಅವರು ಮುಂದುವರಿಸಲು ಆಗದೇ ಹೋಗಬಹುದು. ತುರ್ತು ಸಂದರ್ಭಕ್ಕೆ ಅವರ ಬಳಿ ಇರುವ ವಿಳಾಸ, ಹತ್ತಿರದವರ ಫೋನ್ ನಂಬರೂ ಹಳೆಯದಾಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದ. ಇನ್ನೊಂದು: ಭಾವುಕರಾದ ಹೊತ್ತಲ್ಲೇ ನೆಟ್ ಕಡಿದರೆ?

ಉತ್ತರ 3

ಮೊದಲೇ ಒಪ್ಪಂದ ಮಾಡಿಕೊಳ್ಳಿ: ಎರಡು ನಿಮಿಷ ಕಾದು ಥೆರಪಿಸ್ಟೇ ಫೋನ್ ಮಾಡುವುದು. ಇಬ್ಬರೂ ಒಟ್ಟಿಗೆ ಡಯಲ್ ಮಾಡಿದರೆ ಇಬ್ಬರಿಗೂ ಬ್ಯುಸಿ ಬರುತ್ತದೆ. ಚಿತ್ರ ತಡವರಿಸತೊಡಗಿದರೆ ವಿಡಿಯೋ ಆಫ್ ಮಾಡಿ, ಧ್ವನಿ ಉಳಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡರೂ ನಿಮ್ಮ ಮಾತು ಬಾಗಿಲಾಚೆಗೆ ಕೇಳುತ್ತದೆ, ಹಾಗಾಗಿ ಅದು ಸದ್ದಿನಲ್ಲಿ ಮುಚ್ಚಿಹೋಗುವಂತೆ ಬಾಗಿಲ ಹೊರಗೆ ಫ್ಯಾನ್ ಹಾಕಿಡಿ. ಸೆಷನ್ ಮುಗಿದ ಮೇಲೆ 15 ನಿಮಿಷ ಯಾವ ಮೀಟಿಂಗೂ ಇಟ್ಟುಕೊಳ್ಳಬೇಡಿ.