ಆಗಮನ ಕಾಲದಿಂದ ವಾರಕ್ಕೊಂದು ವಾಕ್ಯಚಿಂತನೆ: ತಯಾರಿ ಹೇಗೆ?

ಪ್ರಶ್ನೆ (ಲಿಂಗರಾಜಪುರ): ಎಲ್ಲರಿಗೂ ನಮಸ್ಕಾರ. 2026ರ ನವೆಂಬರ್ 29, ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು) ಮೊದಲ ಭಾನುವಾರದಿಂದ ನಮ್ಮ ವಲಯದ ಕಿರು ಸಮುದಾಯದಲ್ಲಿ (ಚರ್ಚಿನ ನೆರೆಮನೆಗಳ ಗುಂಪು) ಪ್ರತಿ ವಾರ ಐದು ನಿಮಿಷ ವಾಕ್ಯಚಿಂತನೆ ನಡೆಸುವ ಹೊಣೆ ನನಗೆ ಬಂದಿದೆ. ಹದಿನೈದು ಮನೆಗಳಿವೆ. ತಮಿಳು, ಕೊಂಕಣಿ, ಮಲಯಾಳ ಮಾತಾಡುವವರೂ ಇದ್ದಾರೆ, ಸಭೆ ಮಾತ್ರ ಕನ್ನಡದಲ್ಲಿ. ಎಲ್ಲಿಂದ ಶುರು ಮಾಡಲಿ? ವರ್ಷವಿಡೀ ಹೇಳಿದ್ದನ್ನೇ ಹೇಳದ ಹಾಗೆ ನೋಡಿಕೊಳ್ಳುವುದು ಹೇಗೆ?

ಉತ್ತರ (ವಾಚಕರು, ಜಾಲಹಳ್ಳಿ): ಭಾನುವಾರದ ಬೈಬಲ್ ವಾಚನಗಳು (ಎರಡು ವಾಚನ, ಆಮೇಲೆ ಶುಭಸಂದೇಶ) ಎ, ಬಿ, ಸಿ ಎಂಬ ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ಮೊದಲು ವರ್ಷ ಯಾವುದೆಂದು ಖಚಿತ ಮಾಡಿಕೊಳ್ಳಿ. ಅಂದಿನಿಂದ ಶುರುವಾಗುವುದು ಬಿ ವರ್ಷ, ಮಾರ್ಕನ ಶುಭಸಂದೇಶ (ಯೇಸುವಿನ ಜೀವನ ಹೇಳುವ ಬೈಬಲ್ ಪುಸ್ತಕ). ಲೆಕ್ಕ ಸುಲಭ: ಇಸವಿಯನ್ನು 3ರಿಂದ ಭಾಗಿಸಿ 1 ಉಳಿದರೆ ಎ, 2 ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಆದರೆ ಆಗಮನ ಕಾಲ ಮುಂದಿನ ಇಸವಿಯ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ನೀವು ಭಾಗಿಸಬೇಕಾದದ್ದು 2027ನ್ನು. ವಾಟ್ಸಾಪ್‌ನಲ್ಲಿ ಬರುವ ಪ್ರಸಂಗಗಳನ್ನು ನಂಬಿ ಎ ವರ್ಷದ ಚಿಂತನೆಯನ್ನು ಬಿ ವರ್ಷದಲ್ಲಿ ಓದುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು.

ಎರಡನೆಯದು ಪಠ್ಯ. ಫೋನಿನಲ್ಲಿ ಸಿಗುವ ಹಲವು ಕನ್ನಡ ಬೈಬಲ್‌ಗಳಲ್ಲಿ ಸಿರಾಖ, ಜ್ಞಾನಗ್ರಂಥ, ತೊಬೀತ, ಮಕ್ಕಬಿಯರ ಪುಸ್ತಕಗಳು ಇರುವುದಿಲ್ಲ. ಬಿ ವರ್ಷದ ಸಾಧಾರಣ ಕಾಲದ (ಆಗಮನ, ತಪಸ್ಸು, ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ವಾರಗಳು) 13, 25 ಮತ್ತು 28ನೇ ಭಾನುವಾರ ಮೊದಲ ವಾಚನ ಜ್ಞಾನಗ್ರಂಥದ್ದು, ಆಗ ಕೈ ಕಟ್ಟಿದಂತಾಗುತ್ತದೆ. ದೇವಾಲಯದಲ್ಲಿ ಓದುವ ಕಥೋಲಿಕ ಅನುವಾದವನ್ನೇ ಇಟ್ಟುಕೊಳ್ಳಿ. ಭಾನುವಾರ ಅದೇ ಮಾತು ಮತ್ತೆ ಕಿವಿಗೆ ಬಿದ್ದಾಗ ಜನ ಗುರುತು ಹಿಡಿಯುತ್ತಾರೆ.

ಇನ್ನೊಂದು: ಇದನ್ನು ಪ್ರಬೋಧನೆ (ಪೂಜೆಯ ಪ್ರಸಂಗ) ಅನ್ನಬೇಡಿ. ಬಲಿಪೂಜೆಯಲ್ಲಿ ಪ್ರಬೋಧನೆ ಮಾಡುವುದು ಗುರುಗಳು ಅಥವಾ ಡೀಕನ್ (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದವರು) ಮಾತ್ರ. ಮನೆಯ ಸಭೆಯದು ಚಿಂತನೆ. ಮೊದಲ ಒಂದೆರಡು ವಾರ ಬರೆದದ್ದನ್ನು ಫಾದರ್‌ಗೆ ತೋರಿಸಿ.

ಉತ್ತರ (ಧರ್ಮೋಪದೇಶ ಶಿಕ್ಷಕಿ, ಬೇಗೂರು): ಹೇಳಿದ್ದೇ ಹೇಳುವುದು ಯಾಕಾಗುತ್ತದೆ ಗೊತ್ತೇ? ಮೂರೂ ವಾಚನಗಳನ್ನು ಪ್ರತಿ ವಾರ ಒಂದೇ ದಾರಕ್ಕೆ ಪೋಣಿಸಲು ಹೋಗುತ್ತೇವೆ. ಸಿಕ್ಕದಿದ್ದಾಗ "ದೇವರು ಪ್ರೀತಿಸ್ವರೂಪಿ, ನಾವೂ ಪ್ರೀತಿಸೋಣ" ಅನ್ನುವಲ್ಲಿಗೆ ಬಂದು ನಿಲ್ಲುತ್ತೇವೆ. ವಾಚನಗಳ ಜೋಡಣೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಸಾಧಾರಣ ಕಾಲದಲ್ಲಿ ಮೊದಲ ವಾಚನವನ್ನು ಶುಭಸಂದೇಶಕ್ಕೆ ಹೊಂದಿಸಿ ಆಯ್ದಿರುತ್ತಾರೆ, ಎರಡನೆಯದು ತನ್ನ ಪಾಡಿಗೆ ಒಂದು ಪತ್ರವನ್ನು ವಾರದಿಂದ ವಾರಕ್ಕೆ ಓದಿಕೊಂಡು ಹೋಗುತ್ತದೆ. ಅದನ್ನು ಬಲವಂತವಾಗಿ ಎಳೆದು ತರಬೇಡಿ. ಬೇಕಿದ್ದರೆ ಅದನ್ನೇ ಸರಣಿ ಮಾಡಿಕೊಳ್ಳಿ: ಬಿ ವರ್ಷದ 22ರಿಂದ 26ನೇ ಭಾನುವಾರದವರೆಗೆ ಐದು ವಾರ ಯಕೋಬನ ಪತ್ರ ಬರುತ್ತದೆ. 23ನೇ ಭಾನುವಾರದ ಭಾಗದಲ್ಲಿ ಚಿನ್ನದುಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ಜಾಗ. ಮನೆಯ ಸಭೆಯಲ್ಲಿ ಕುರ್ಚಿ ಯಾರಿಗೆ, ಚಾಪೆ ಯಾರಿಗೆ ಅನ್ನುವುದು ಕಣ್ಣೆದುರೇ ಇರುತ್ತದಲ್ಲ.

ತಪಸ್ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಇದಕ್ಕೆ ತಿರುಗುಮುರುಗು: ಮೊದಲ ವಾಚನಗಳ ಬೆನ್ನು ಹಿಡಿಯಿರಿ. ಬಿ ವರ್ಷದಲ್ಲಿ ಐದು ಭಾನುವಾರವೂ ಒಡಂಬಡಿಕೆಯದೇ ಸರಪಣಿ. ನೋಹನ ಕಾಮನಬಿಲ್ಲು, ಅಬ್ರಹಾಮನ ಬಲಿ, ಸಿನಾಯಿ ಬೆಟ್ಟದ ಹತ್ತು ಆಜ್ಞೆಗಳು, ಒಡಂಬಡಿಕೆ ಮುರಿದು ಗಡೀಪಾರಾದದ್ದು, ಕೊನೆಗೆ ಯೆರೆಮೀಯನ 31ನೇ ಅಧ್ಯಾಯದಲ್ಲಿ ಹೃದಯದ ಮೇಲೆ ಬರೆಯುವ ಹೊಸ ಒಡಂಬಡಿಕೆ. ತಪಸ್ಕಾಲ ಶುರುವಾಗುವ ವಿಭೂತಿ ಬುಧವಾರ 2027ರ ಫೆಬ್ರವರಿ 10ಕ್ಕೆ ಬರುತ್ತದೆ. ಅಷ್ಟರೊಳಗೆ ಐದನ್ನೂ ಒಟ್ಟಿಗೇ ಓದಿ ಇಟ್ಟುಕೊಂಡರೆ ಪ್ರತಿ ವಾರ ಹಿಂದಿನ ವಾರದ ಎಳೆ ಹಿಡಿದು ಮಾತಾಡಬಹುದು.

ಗರಿಗಳ ಭಾನುವಾರ (ಈಸ್ಟರ್‌ನ ಹಿಂದಿನ ಭಾನುವಾರ) ಯೇಸುವಿನ ಪೂರ್ತಿ ಯಾತನೆಯ ವೃತ್ತಾಂತ, ಮಾರ್ಕನ ಎರಡು ಅಧ್ಯಾಯ. ಆ ವಾರ ಎರಡು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ಪಾಸ್ಖ ಕಾಲ (ಈಸ್ಟರ್‌ನಿಂದ ಶುರುವಾಗುವುದು) 50 ದಿನ ಅನ್ನುವುದನ್ನೂ ಮರೆಯಬೇಡಿ, ಹಬ್ಬದ ಮರುವಾರವೇ ಸಭೆ ನಿಲ್ಲಿಸುವ ವಲಯಗಳು ಬಹಳ. ಆಗ ಮೊದಲ ವಾಚನ ಹಳೆಯ ಒಡಂಬಡಿಕೆಯದಲ್ಲ, ಪ್ರೇಷಿತರ ಕಾರ್ಯಕಲಾಪಗಳದ್ದು. ಆದಿ ಸಮುದಾಯಗಳೂ ಮನೆಗಳಲ್ಲೇ ಸೇರುತ್ತಿದ್ದವು, ನಿಮ್ಮ ಸಭೆಗೆ ಇದಕ್ಕಿಂತ ಹತ್ತಿರದ ಪುಸ್ತಕ ಇಲ್ಲ.

ಉತ್ತರ (ವಲಯ ಸಂಚಾಲಕರು, ಕಮ್ಮನಹಳ್ಳಿ): ಬರೆಯುವ ಕ್ರಮ. ಭಾನುವಾರ ರಾತ್ರಿಯೇ ಮುಂದಿನ ವಾರದ ಶುಭಸಂದೇಶ ಓದಿ. ಸೋಮವಾರ ಅದರ ಹಿಂದಿನ ಮುಂದಿನ ಹತ್ತು ವಚನಗಳನ್ನೂ ಓದಿ, ಕತ್ತರಿಸಿದ ಜಾಗದಲ್ಲೇ ಅರ್ಥ ಅಡಗಿರುತ್ತದೆ. ವ್ಯಾಖ್ಯಾನ ನೋಡುವುದು ಬುಧವಾರದ ನಂತರ. ಮೊದಲೇ ನೋಡಿದರೆ ಬರವಣಿಗೆ ಅದರ ನಕಲಾಗುತ್ತದೆ.

ನಿಮ್ಮ ಮೊದಲ ವಾರದ್ದೇ ತೆಗೆದುಕೊಳ್ಳಿ, ಮಾರ್ಕ 13:33-37. ಯಜಮಾನ ಯಾವಾಗ ಬರುತ್ತಾನೋ ಗೊತ್ತಿಲ್ಲ: ಸಂಜೆಯೋ, ನಡುರಾತ್ರಿಯೋ, ಕೋಳಿ ಕೂಗುವ ಹೊತ್ತೋ, ಮುಂಜಾನೆಯೋ. ರಾತ್ರಿಯ ನಾಲ್ಕು ಜಾವಗಳು. ಪುಟ ತಿರುಗಿಸಿದರೆ ಯಾತನೆಯ ವೃತ್ತಾಂತ ಶುರು: ಸಂಜೆ ಭೋಜನ (14:17), ರಾತ್ರಿ ಗೆತ್ಸೆಮನಿಯಲ್ಲಿ ಶಿಷ್ಯರ ನಿದ್ದೆ, ಕೋಳಿ ಕೂಗಿದಾಗ ಪೇತ್ರನ ಅಳು (14:72), ಬೆಳಗಾಗುತ್ತಲೇ ಪಿಲಾತನ ಮುಂದೆ (15:1). ಎಚ್ಚರವಾಗಿರಿ ಅಂದದ್ದಕ್ಕೆ ಶಿಷ್ಯರು ಆ ನಾಲ್ಕು ಜಾವಗಳಲ್ಲಿ ಏನು ಮಾಡಿದರು ಅನ್ನುವುದೇ ನಿಮ್ಮ ಚಿಂತನೆ. ಕೊನೆಗೆ ಒಂದೇ ಪ್ರಶ್ನೆ ಇಡಿ: ನಮ್ಮ ಬೀದಿಯಲ್ಲಿ ರಾತ್ರಿ ಯಾರು ಯಾರಿಗಾಗಿ ಎಚ್ಚರವಾಗಿರುತ್ತಾರೆ? ಹೌದು-ಅಲ್ಲ ಅನ್ನುವ ಪ್ರಶ್ನೆ ಬೇಡ, ಒಂದು ವಾಕ್ಯದಲ್ಲಿ ಉತ್ತರಿಸುವಂತಿರಲಿ. ಕೇಳಿದ ಮೇಲೆ ಎರಡು ನಿಮಿಷ ಸುಮ್ಮನಿರಿ. ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಗಟ್ಟಿಯಾಗಿ, ನಿಧಾನವಾಗಿ ಓದಿದರೆ ನಿಮಿಷಕ್ಕೆ 80-90 ಪದ. ಐದು ನಿಮಿಷಕ್ಕೆ 400 ಪದ ಸಾಕು. ತಾಯ್ನುಡಿ ಕನ್ನಡವಲ್ಲದವರು ಇರುವುದರಿಂದ ವಾಕ್ಯ ಚಿಕ್ಕದಿರಲಿ. ಶುಭಸಂದೇಶವನ್ನು ಎರಡು ಸಲ, ಬೇರೆ ಬೇರೆ ದನಿಯಲ್ಲಿ ಓದಿಸಿ.

ಉತ್ತರ (ಜಾಲಹಳ್ಳಿಯ ವಾಚಕರು, ಮತ್ತೆ): ಮಲಯಾಳಿ ಮನೆಗಳಲ್ಲಿ ಸಿರೋ-ಮಲಬಾರ್ ವಿಧಿಯವರು (ಕೇರಳ ಮೂಲದ, ಬೇರೆ ಪೂಜಾ ಸಂಪ್ರದಾಯದ ಕಥೋಲಿಕರು) ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಅವರ ಆರಾಧನಾ ಕಾಲಗಳೂ ಭಾನುವಾರದ ವಾಚನಗಳೂ ಬೇರೆ. ವಾಚನದ ಅಧ್ಯಾಯ-ವಚನಗಳನ್ನು ಗುರುವಾರವೇ ಗುಂಪಿಗೆ ಕಳುಹಿಸಿಬಿಟ್ಟರೆ ಅವರೂ ಓದಿಕೊಂಡು ಬರುತ್ತಾರೆ.

ಆಗಸ್ಟ್‌ಗೆ ಈಗಲೇ ಗುರುತು ಹಾಕಿಕೊಳ್ಳಿ. ಬಿ ವರ್ಷದ 17ರಿಂದ 21ನೇ ಭಾನುವಾರದವರೆಗೆ ಮಾರ್ಕನನ್ನು ಬಿಟ್ಟು ಯೊವಾನ್ನನ 6ನೇ ಅಧ್ಯಾಯ ಓದುತ್ತಾರೆ, ಜೀವದ ರೊಟ್ಟಿಯ ಮಾತು. 2027ರಲ್ಲಿ ಇದು ಜುಲೈ 25ಕ್ಕೆ ಶುರು. ಆದರೆ ಆಗಸ್ಟ್ 15 ಭಾನುವಾರವೇ ಬರುವುದರಿಂದ ಅಂದು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವದ ವಾಚನಗಳು. 20ನೇ ಭಾನುವಾರದ ಭಾಗ, "ನನ್ನ ಮಾಂಸವೇ ನಿಜವಾದ ಆಹಾರ" ಅನ್ನುವ 6:51-58, ಬಿಟ್ಟುಹೋಗುತ್ತದೆ. ಅದನ್ನು ಆಗಸ್ಟ್ 8ರ ವಾರದ ಸಭೆಯಲ್ಲೇ ಸೇರಿಸಿ ಓದಿಸಿ. ಇಲ್ಲದಿದ್ದರೆ 22ರಂದು "ಇದು ಕಠಿಣವಾದ ಮಾತು" ಎಂದು ಶಿಷ್ಯರು ಗೊಣಗುವುದು ಯಾವ ಮಾತಿಗೆ ಎಂದೇ ತಿಳಿಯುವುದಿಲ್ಲ.