ಸೈಡ್ ಮಿರರ್ ಬದಲು ಕ್ಯಾಮೆರಾ ಮತ್ತು ಸ್ಕ್ರೀನ್ ಹಾಕಿಸಬಹುದಾ?

ಗಲ್ಲಿಕಾರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇರುವುದು ಬೆಂಗಳೂರಿನ ಹಳೇ ಪೇಟೆ ಕಡೆ. ಗಲ್ಲಿ ಎಷ್ಟು ಅಗಲ ಅಂದರೆ, ಎದುರಿಗೆ ಒಂದು ಆಟೋ ಬಂದರೆ ಇಬ್ಬರಲ್ಲಿ ಒಬ್ಬರು ರಿವರ್ಸ್ ಹೋಗಲೇಬೇಕು. ಎರಡು ವರ್ಷದಲ್ಲಿ ನನ್ನ ಕಾರಿನ ಎಡಗಡೆ ಮಿರರ್ ಮೂರನೇ ಸಲ ಹೋಯಿತು. ಮೊದಲ ಸಲ ಒಂದು ಗೂಡ್ಸ್ ಗಾಡಿ, ಎರಡನೇ ಸಲ ಯಾರೋ ಬೈಕಿನವನು ಹ್ಯಾಂಡಲ್ ತಾಗಿಸಿ ತಿರುಗಿಯೂ ನೋಡದೆ ಹೋದ, ಈ ಸಲ ನಾನೇ ಗೇಟಿಗೆ ಉಜ್ಜಿದೆ (ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ). ಇಂಡಿಕೇಟರ್, ಮಡಚುವ ಮೋಟಾರ್ ಎಲ್ಲ ಸೇರಿ ಪೂರ್ತಿ ಅಸೆಂಬ್ಲಿಗೆ ಷೋರೂಮಿನಲ್ಲಿ ಒಂಬತ್ತು ಸಾವಿರದ ಹತ್ತಿರ ಹೇಳುತ್ತಿದ್ದಾರೆ.

ಆಕ್ಸೆಸರೀಸ್ ಅಂಗಡಿಯವನೊಬ್ಬ "ಸಾರ್, ಮಿರರ್ ಸಹವಾಸವೇ ಬೇಡ. ಎರಡೂ ಕಡೆ ಸಣ್ಣ ಕ್ಯಾಮೆರಾ ಕೂರಿಸಿ ಒಳಗೆ ಎರಡು ಸ್ಕ್ರೀನ್ ಕೊಡುತ್ತೇನೆ, ಫಾರಿನ್‌ನಲ್ಲಿ ಈಗ ಎಲ್ಲಾ ಇದೇ" ಅಂತ ಹಿಂದೆ ಬಿದ್ದಿದ್ದಾನೆ. ಕೇಳಿದರೆ ಆಸೆ ಆಗುತ್ತದೆ. ಗಲ್ಲಿಯಲ್ಲಿ ತಾಗುವುದು ತಪ್ಪುತ್ತದೆ, ರಾತ್ರಿ ಹಿಂದಿನ ಗಾಡಿಯ ಹೈಬೀಮ್ ಕಣ್ಣಿಗೆ ಹೊಡೆಯುವುದಿಲ್ಲ, ನೋಡುವುದಕ್ಕೂ ಚೆನ್ನಾಗಿರುತ್ತದೆ ಅಲ್ವಾ?

ಯಾರಾದರೂ ನಿಜವಾಗಿ ಇಂಥ ಕಾರು ಓಡಿಸಿದ್ದರೆ ಹೇಳಿ. ನನಗೆ 47, ದೂರಕ್ಕೆ ಕನ್ನಡಕ ಇದೆ. ಓಡಿಸುವುದು ಹೆಚ್ಚಾಗಿ ನಾನೇ.

ಬೋನೆಟ್‌ಭಟ್ರು

"ಫಾರಿನ್‌ನಲ್ಲಿ ಎಲ್ಲಾ ಇದೇ" ಅನ್ನುವುದು ಶುದ್ಧ ಅಂಗಡಿ ಮಾತು. ಜಪಾನಿನಲ್ಲಿ 2016ರಲ್ಲಿ ಕನ್ನಡಿ ಇಲ್ಲದ ಕಾರಿಗೆ ಒಪ್ಪಿಗೆ ಸಿಕ್ಕಿತು. 2018ರ ಅಕ್ಟೋಬರಿನಲ್ಲಿ ಅಲ್ಲಿನ ಲೆಕ್ಸಸ್ ಇಎಸ್‌ನಲ್ಲಿ ಇದು ಬಂತು, ಆಮೇಲೆ ಯುರೋಪಿನಲ್ಲಿ ಆಡಿ ಇ-ಟ್ರಾನ್, ಹೋಂಡಾ ಇ. ಹೋಂಡಾ ಇ ಮಾರಾಟ ಈಗ ನಿಂತೇ ಹೋಗಿದೆ. ಅಮೆರಿಕದಲ್ಲಂತೂ ಇವತ್ತಿಗೂ ಕನ್ನಡಿ ಇರಲೇಬೇಕು. ಟೆಸ್ಲಾ ಮತ್ತು ಅಲ್ಲಿನ ಕಾರು ತಯಾರಕರ ಸಂಘ 2014ರಲ್ಲೇ ಕ್ಯಾಮೆರಾಗೆ ಅವಕಾಶ ಕೊಡಿ ಅಂತ ಅರ್ಜಿ ಹಾಕಿದ್ದವು. 2019ರಲ್ಲಿ ಸರ್ಕಾರ ಜನರ ಅಭಿಪ್ರಾಯ ಕೇಳಿತು, ಅಷ್ಟೇ. ಹ್ಯುಂಡೈ ಅಯಾನಿಕ್ 5 ಕೊರಿಯಾದಲ್ಲಿ ಕ್ಯಾಮೆರಾ ಜೊತೆ ಸಿಗುತ್ತದೆ, 2023ರಲ್ಲಿ ನಮ್ಮಲ್ಲಿಗೆ ಬಂದಾಗ ಮಾಮೂಲಿ ಕನ್ನಡಿಯೇ ಇತ್ತು.

ಕಂಪನಿಗಳಿಗೆ ಇದರ ಮೇಲೆ ಇಷ್ಟು ಆಸೆ ಯಾಕೆ ಅಂದರೆ ಗಾಳಿ. ಹೆದ್ದಾರಿಯಲ್ಲಿ ಆ ಎರಡು ಕಿವಿಗಳು ಗಾಳಿಯನ್ನು ತಡೆಯುತ್ತವೆ, ಸದ್ದೂ ಮಾಡುತ್ತವೆ. ಇ-ಟ್ರಾನ್‌ನಲ್ಲಿ ಕ್ಯಾಮೆರಾ ಹಾಕಿದರೆ ಡ್ರ್ಯಾಗ್ ಲೆಕ್ಕ (ಗಾಳಿ ಎಷ್ಟು ತಡೆಯುತ್ತದೆ ಅನ್ನುವ ಅಳತೆ) 0.28 ಇದ್ದದ್ದು 0.27 ಆಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಅದರಿಂದ ನಾಲ್ಕು ಕಿಲೋಮೀಟರ್ ಜಾಸ್ತಿ ಸಿಕ್ಕರೂ ಲಾಭವೇ. ಪೇಟೆ ಗಲ್ಲಿಯಲ್ಲಿ ಹದಿನೈದರ ವೇಗದಲ್ಲಿ ಹೋಗುವ ನಿಮಗೆ ಗಾಳಿ ಏನು ಮಾಡುತ್ತದೆ ಸ್ವಾಮಿ? ಆ ಇ-ಟ್ರಾನ್‌ನ ಅಗಲ ಒಟ್ಟು 15 ಸೆಂಟಿಮೀಟರ್ ಕಡಿಮೆ ಆಗುತ್ತದೆ, ಅದಷ್ಟೇ ನಿಮ್ಮ ಲೆಕ್ಕಕ್ಕೆ ಬರುವುದು. ಆದರೆ ನಿಮ್ಮ ಮಿರರ್ ಮಡಚುತ್ತದಲ್ಲ, ಗಲ್ಲಿ ಶುರುವಾದ ಕೂಡಲೇ ಬಟನ್ ಒತ್ತಿದರೆ ಅದಕ್ಕಿಂತ ಜಾಸ್ತಿ ಜಾಗ ಸಿಗುತ್ತದೆ. ಕ್ಯಾಮೆರಾದ ಕೋಲು ಕೂಡ ಹೊರಗೇ ಚಾಚಿರುತ್ತದೆ, ನಿಮ್ಮ ಬೈಕಿನವನು ಅದನ್ನೂ ಬಿಡುವುದಿಲ್ಲ.

ಮುಖ್ಯ ವಿಷಯ ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮ 125ರಲ್ಲಿ ಹಿಂದಿನಿಂದ ಬರುವ ಗಾಡಿ ಚಾಲಕನಿಗೆ ಸರಿಯಾಗಿ ಕಾಣುವ ಹಾಗೆ ಕನ್ನಡಿ ಇರಬೇಕು ಅಂತಿದೆ. ಕಂಪನಿ ಕೊಟ್ಟದ್ದನ್ನು ಕಿತ್ತು ಬೇರೆ ಹಾಕಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನಾಳೆ ಎಲ್ಲೋ ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೇ ಇಂಥದ್ದನ್ನು.

ಇನ್ನೊಂದು, ತಡ. ಕ್ಯಾಮೆರಾ ಕಂಡದ್ದು ಸ್ಕ್ರೀನಿಗೆ ಬರುವುದಕ್ಕೆ ಒಂಚೂರು ಹೊತ್ತು ಬೇಕು. ಕಾರ್ಖಾನೆಯಿಂದ ಬರುವ ಸಿಸ್ಟಂಗಳಿಗೆ ಐಎಸ್‌ಒ 16505 ಅಂತ ಒಂದು ಮಾನದಂಡ ಇದೆ, ಅದರಲ್ಲಿ 200 ಮಿಲಿಸೆಕೆಂಡ್ ಮಿತಿ. ನಿಮಗಿಂತ 40 ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಬರುವ ಬೈಕು ಅಷ್ಟರಲ್ಲಿ ಎರಡು ಮೀಟರಿಗಿಂತ ಜಾಸ್ತಿ ಮುಂದೆ ಬಂದಿರುತ್ತದೆ. ಅದು ಮಿತಿಯೊಳಗಿರುವ ಒಳ್ಳೆ ಸಿಸ್ಟಂನ ಕಥೆ. ಅಂಗಡಿ ಕಿಟ್ಟಿನ ತಡ ಎಷ್ಟು ಅಂತ ಅಳೆದವರು ಯಾರು?

ಕ್ಲಚ್‌ವೈರ್

ಮಿರರ್ ಮಡಚಿಕೊಂಡೇ ಔಟರ್ ರಿಂಗ್ ರೋಡಿನಲ್ಲಿ ಓಡಿಸುವವರು ಇರುವ ಊರು ನಮ್ಮದು. ಹಿಂದೆಲ್ಲ ಕೆಳಗಿನ ಮಾಡೆಲ್‌ಗಳಲ್ಲಿ ಎಡಗಡೆ ಮಿರರ್ ಕೊಡುತ್ತಲೇ ಇರಲಿಲ್ಲ, ನ್ಯಾನೋ ಶುರುವಿನಲ್ಲಿ ಬಂದದ್ದು ಒಂದೇ ಮಿರರ್, ಒಂದೇ ವೈಪರ್ ಜೊತೆ. ನಮ್ಮಪ್ಪ ಅಂಥ ಕಾರಿನಲ್ಲಿ ಅಮ್ಮನನ್ನು ಎಡಗಡೆ ಕೂರಿಸಿಕೊಂಡು "ಯಾರಾದರೂ ಬರುತ್ತಿದ್ದಾರಾ ನೋಡು" ಅನ್ನುತ್ತಿದ್ದರು. ಅಮ್ಮ "ಯಾರೂ ಇಲ್ಲ, ಒಂದು ಬಸ್ಸು ಅಷ್ಟೇ" ಅಂದ ದಿನದಿಂದ ಅವರೇ ಕುತ್ತಿಗೆ ತಿರುಗಿಸುವುದು ಕಲಿತರು.

ಥೇಮ್ಸ್‌ದಂಡೆ

ನಾನು ಓಡಿಸಿದ್ದೇನೆ. ಇಂಗ್ಲೆಂಡಿನಲ್ಲಿ ಆಫೀಸಿನ ಲೀಸ್ ಕಾರು, ಹೆಚ್ಚುಕಡಿಮೆ ಎರಡು ವರ್ಷ. ಯಾವ ಕಂಪನಿ ಅನ್ನುವುದು ಬೇಡ. ಇಲ್ಲಿ ಸ್ಟೀರಿಂಗ್ ನಮ್ಮ ಕಡೆಯೇ ಇರುವುದರಿಂದ ನಿಮಗೆ ಹೋಲಿಸುವುದು ಸುಲಭ.

ಮೊದಲ ಎರಡು ವಾರ ಕಣ್ಣು ಹಳೇ ಜಾಗಕ್ಕೇ ಹೋಗುತ್ತದೆ, ಅಲ್ಲಿ ಕನ್ನಡಿ ಇಲ್ಲ, ಒಂದು ಕೋಲು ಇದೆ. ಆಮೇಲೆ ಅಭ್ಯಾಸ ಆಯಿತು. ಮಳೆಯಲ್ಲಿ ನಿಜಕ್ಕೂ ಖುಷಿಯಾಯಿತು. ಮಾಮೂಲಿ ಕಾರಿನಲ್ಲಿ ಕಿಟಕಿ ಗಾಜಿನ ಮೇಲೆ ನೀರು, ಕನ್ನಡಿ ಮೇಲೆ ನೀರು, ಎರಡನ್ನೂ ದಾಟಿ ನೋಡಬೇಕು. ಇಲ್ಲಿ ಸ್ಕ್ರೀನ್ ಒಳಗೇ ಇದೆ, ಲೆನ್ಸಿಗೆ ಬಿಸಿ ಕೊಡುತ್ತದೆ, ಹನಿ ಬೇಗ ಒಣಗುತ್ತದೆ. ರಾತ್ರಿ ಹೈಬೀಮಿನ ಕಾಟವೂ ಇಲ್ಲ. ಹೈಬೀಮಿನ ವಿಷಯದಲ್ಲಿ ನೀವು ಅಂದುಕೊಂಡದ್ದು ಸರಿ.

ಬೇಜಾರಾದದ್ದು ಬೇರೆ ಕಡೆ. ಕನ್ನಡಿಯಲ್ಲಿ ಅನುಮಾನ ಬಂದರೆ ನಾವು ಸುಮ್ನೆ ಒಂದು ಸಲ ಮುಂದಕ್ಕೆ ಬಗ್ಗುತ್ತೇವೆ, ಇನ್ನಷ್ಟು ಕಾಣುತ್ತದೆ. ಹಾಗೆ ಮಾಡುತ್ತೇವೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ಸ್ಕ್ರೀನಿನ ಮುಂದೆ ಎಷ್ಟು ಬಗ್ಗಿದರೂ ಅದೇ ಚಿತ್ರ. ಟಿವಿ ಪಕ್ಕಕ್ಕೆ ಹೋಗಿ ಗೋಡೆ ಹಿಂದೆ ಯಾರಿದ್ದಾರೆ ಅಂತ ಇಣುಕಿದ ಹಾಗೆ. ರೌಂಡಬೌಟಿನಲ್ಲಿ ಸೇರುವಾಗ ಹಿಂದಿನ ಕಾರು ಎಷ್ಟು ದೂರ ಇದೆ ಅನ್ನುವ ಅಂದಾಜು ನನಗೆ ಕೊನೆಯವರೆಗೂ ಪೂರ್ತಿ ಸಿಗಲಿಲ್ಲ. ಎಲ್‌ಇಡಿ ಹೆಡ್‌ಲೈಟುಗಳು ಸ್ಕ್ರೀನಿನಲ್ಲಿ ಮಿಣಮಿಣ ಅನ್ನುತ್ತವೆ, ಇಂಡಿಕೇಟರ್ ಹಾಕಿದ್ದಾನೋ ಅಂತ ಎಷ್ಟೋ ಸಲ ಅನಿಸಿದೆ. ಸಂಜೆ ಸೂರ್ಯ ಸರಿಯಾಗಿ ಲೆನ್ಸಿಗೆ ಹೊಡೆದರೆ ಆ ಕಡೆಯ ಚಿತ್ರ ಬೆಳ್ಳಗೆ.

ಲೀಸ್ ಮುಗಿದ ಮೇಲೆ ಮತ್ತೆ ಕನ್ನಡಿ ಇರುವುದನ್ನೇ ತೆಗೆದುಕೊಂಡೆ.

ಬೆಣ್ಣೆದೋಸೆ77

ದಾವಣಗೆರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ನನ್ನದು. ಭಟ್ಟರು ಕಾನೂನು ಹೇಳಿದರು, ಥೇಮ್ಸ್ ಸಾರ್ ಅನುಭವ ಹೇಳಿದರು, ಆದರೆ ಪ್ರಶ್ನೆ ಕೇಳಿದವರು ಕೊನೆಯಲ್ಲಿ "47, ದೂರಕ್ಕೆ ಕನ್ನಡಕ" ಅಂದದ್ದನ್ನು ಯಾರೂ ಹಿಡಿಯಲಿಲ್ಲ. ನನಗೆ ಇಡೀ ಪ್ರಶ್ನೆಯಲ್ಲಿ ಕಂಡದ್ದೇ ಅದು.

ನಲವತ್ತು ದಾಟಿದ ಮೇಲೆ ಚಾಳೀಸು ಬರುತ್ತದೆ. ಕಣ್ಣಿನ ಒಳಗಿನ ಲೆನ್ಸು ಗಟ್ಟಿಯಾಗುತ್ತಾ ಹೋಗಿ ಹತ್ತಿರದ್ದಕ್ಕೆ ಫೋಕಸ್ ಮಾಡುವುದು ಕಷ್ಟ ಆಗುತ್ತದೆ. ಪೇಪರ್ ದೂರ ಹಿಡಿದು ಓದುವುದು ಅದಕ್ಕೇ. ಈಗ ಕಾರಿಗೆ ಬನ್ನಿ. ಒಳಗಿನ ನಡುವಿನ ಕನ್ನಡಿ ಚಪ್ಪಟೆ. 20 ಮೀಟರ್ ಹಿಂದಿರುವ ಬಸ್ಸನ್ನು ಅದರಲ್ಲಿ ನೋಡಿದರೆ ಕಣ್ಣಿಗೆ ಅದು 20 ಮೀಟರ್ ದೂರದ್ದೇ. ಕನ್ನಡಿ ಕೈಗೆ ಸಿಗುವಷ್ಟು ಹತ್ತಿರ ಇದ್ದರೂ ಕಣ್ಣು ಫೋಕಸ್ ಮಾಡುವುದು ಗಾಜಿಗಲ್ಲ, ಬಿಂಬಕ್ಕೆ. ಹೊರಗಿನ ಸೈಡ್ ಮಿರರ್ ಮಾತ್ರ ಹಾಗಲ್ಲ, ಅದು ಉಬ್ಬು ಕನ್ನಡಿ. ಅದರಲ್ಲಿ ಬಿಂಬ ಗಾಜಿನ ಹಿಂದೆ ಸುಮಾರು ಅರ್ಧ ಮೀಟರ್ ಚಿಲ್ಲರೆಯಲ್ಲೇ ಕೂರುತ್ತದೆ. ನಿಮ್ಮ ಕಣ್ಣಿಂದ ಬಲಗಡೆ ಮಿರರಿಗೆ ಮುಕ್ಕಾಲು ಮೀಟರ್ ಅಂದುಕೊಳ್ಳಿ, ಒಟ್ಟು ಒಂದೂಕಾಲು ಮೀಟರ್ ಆಸುಪಾಸು. ಎಡಗಡೆಯದು ಇನ್ನೂ ದೂರ. ಈ ಅಂತರಕ್ಕೆ 47ರ ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ.

ಬಾಗಿಲ ಹತ್ತಿರ ಸ್ಕ್ರೀನ್ ಕೂರಿಸಿದರೆ ಅದು 60-70 ಸೆಂಟಿಮೀಟರ್. ಇಲ್ಲಿ ಬಿಂಬ ಗಿಂಬ ಏನೂ ಇಲ್ಲ, ಕಣ್ಣು ಸ್ಕ್ರೀನಿಗೇ ಫೋಕಸ್ ಮಾಡಬೇಕು. ಲೆಕ್ಕ ಹಾಕಿದರೆ ಕಣ್ಣಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು. ದೂರದ ಕನ್ನಡಕ ಹಾಕಿಕೊಂಡು ನೋಡಿದರೆ ಮಸುಕು. ರಸ್ತೆ ನೋಡಿ, ಸ್ಕ್ರೀನ್ ನೋಡಿ, ಮತ್ತೆ ರಸ್ತೆ ನೋಡುವಷ್ಟರಲ್ಲಿ ಪ್ರತಿ ಸಲ ಫೋಕಸ್ ಬದಲಾಗಬೇಕು, ವಯಸ್ಸಾದ ಕಣ್ಣಿಗೆ ಅದಕ್ಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. "ಪ್ರೊಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ) ಹಾಕಿಸಿಕೊಳ್ಳುತ್ತೇನೆ" ಅಂತೀರಿ. ಅದರಲ್ಲಿ ಹತ್ತಿರದ ಪವರ್ ಇರುವುದು ಕೆಳಗೆ, ಎರಡು ಪಕ್ಕ ಮಸುಕು. ಸ್ಕ್ರೀನ್ ಇರುವುದೇ ಪಕ್ಕದಲ್ಲಿ!

ಕನ್ನಡಿ ಬಿಟ್ಟರೆ ಕನ್ನಡಕ ಬದಲಿಸಬೇಕಾಗುತ್ತದೆ ಅಂತ ತಮಾಷೆಗೆ ಹೇಳುತ್ತಿಲ್ಲ. ಒಂದು ಪರೀಕ್ಷೆ ಮಾಡಿ. ನಿಂತ ಕಾರಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತು, ನಿಮ್ಮ ದೂರದ ಕನ್ನಡಕ ಹಾಕಿಕೊಂಡು, ಮೊಬೈಲನ್ನು ಬಲಗಡೆ ಬಾಗಿಲ ಮೂಲೆಗೆ ಅಂಟಿಸಿ ಟ್ರಾಫಿಕ್ಕಿನ ಯಾವುದಾದರೂ ವಿಡಿಯೋ ಹಾಕಿ. ಒಂದು ನಿಮಿಷ ರಸ್ತೆ ಮತ್ತು ಮೊಬೈಲ್ ಮಧ್ಯೆ ಕಣ್ಣು ಆಡಿಸಿ. ಆಮೇಲೆ ಅಂಗಡಿಯವನಿಗೆ ದುಡ್ಡು ಕೊಡಿ.

ಟ್ರೇಲರ್‌ಮಾವ

ಹುಬ್ಬಳ್ಳಿಯವನು, ಹದಿನೆಂಟು ವರ್ಷ ಲಾರಿ, ಅದರಲ್ಲಿ ಆರು ವರ್ಷ ಟ್ರೇಲರ್. ಕಾರಿನವರ ಕಥೆ ನನಗೆ ಗೊತ್ತಿಲ್ಲ, ಆದರೆ ದೊಡ್ಡ ಗಾಡಿಗೆ ಇದು ಸುಮ್ನೆ ಷೋಕಿ ಅಲ್ಲ. ಟ್ರೇಲರ್ ತಿರುಗಿಸುವಾಗ ಮುಂದಿನ ಗಾಡಿ ಒಂದು ಕಡೆ, ಹಿಂದಿನದು ಒಂದು ಕಡೆ. ಕನ್ನಡಿಯಲ್ಲಿ ಕಾಣುವುದು ಬರೀ ಟ್ರೇಲರಿನ ಮೈ, ಅದರ ಹಿಂದಿನ ಚಕ್ರ ಯಾರ ಕಾಲಿನ ಮೇಲೆ ಹೋಗುತ್ತಿದೆ ಅಂತ ದೇವರಿಗೇ ಗೊತ್ತು. 2019ರಿಂದ ಯುರೋಪಿನಲ್ಲಿ ಮರ್ಸಿಡಿಸ್ ಆಕ್ಟ್ರೋಸ್ ಲಾರಿ ದೊಡ್ಡ ಕನ್ನಡಿ ತೆಗೆದು ಕ್ಯಾಮೆರಾ ಇಟ್ಟು ಬರುತ್ತಿದೆ. ಒಳಗೆ ಎರಡೂ ಕಡೆ ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ 15 ಇಂಚಿನ ಉದ್ದ ಸ್ಕ್ರೀನು, ಗಾಡಿ ತಿರುಗಿದರೆ ಚಿತ್ರವೂ ಟ್ರೇಲರಿನ ಹಿಂದೆ ತಿರುಗುತ್ತದೆ. ನನ್ನ ಭಾವಮೈದುನ ಅಲ್ಲಿ ಅದೇ ಗಾಡಿ ಓಡಿಸುತ್ತಾನೆ, ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಬಾಯಲ್ಲಿ ನೀರೂರಿತು. ಆ ದೊಡ್ಡ ಕನ್ನಡಿ ಇಲ್ಲದಿದ್ದರೆ ಸರ್ಕಲ್‌ನಲ್ಲಿ ಅದರ ಹಿಂದೆ ಮರೆಯಾಗುವ ಸ್ಕೂಟರೂ ಕಾಣುತ್ತದೆ, ಅದು ಇನ್ನೊಂದು ಲಾಭ.

ನಮ್ಮಲ್ಲಿ ಎಡಗಡೆ ಕ್ಯಾಮೆರಾ ಅಂದರೆ ಕ್ಲೀನರ್. ಬಾಗಿಲು ಬಡಿದು "ರೈಟ್ ರೈಟ್" ಅಂದರೆ ಹೋಗು, "ಹೋಲ್ಡಾನ್" ಅಂದರೆ ನಿಲ್ಲು. ಅವನು ನಿದ್ದೆ ಹೋದರೆ ಸಿಗ್ನಲ್ ಇಲ್ಲ. ಈಗ ಕ್ಲೀನರ್ ಕೆಲಸಕ್ಕೆ ಹುಡುಗರೂ ಸಿಗುವುದಿಲ್ಲ. ಆದರೆ ಗಣಿ ರಸ್ತೆಯ ಕೆಂಪು ಧೂಳಿನಲ್ಲಿ ಆ ಲೆನ್ಸು ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡಿರುತ್ತದೆ ಅನ್ನುವುದು ನನ್ನ ಪ್ರಶ್ನೆ. ಕನ್ನಡಿಯಾದರೆ ಲುಂಗಿ ತುದಿಯಲ್ಲಿ ಒರೆಸಿ ಹೊರಡುತ್ತೇವೆ.

ಬೋನೆಟ್‌ಭಟ್ರು

ಡಾಕ್ಟರ್ ಸಾಹೇಬರು ಹೇಳಿದ ಉಬ್ಬು ಕನ್ನಡಿ ಲೆಕ್ಕ ನನಗೂ ಹೊಸದು. ಕನ್ನಡಿ ಅಂದರೆ ದೂರದ ಫೋಕಸ್ ಅಂತಲೇ ನಾನು ಎಲ್ಲರ ಹತ್ತಿರ ವಾದ ಮಾಡುತ್ತಿದ್ದೆ.

ಗಲ್ಲಿಕಾರು ಅವರೇ, ಕ್ಯಾಮೆರಾ ಬೇಕೇ ಬೇಕು ಅಂದರೆ ಕನ್ನಡಿ ಇಟ್ಟುಕೊಂಡು ಜೊತೆಗೆ ಹಾಕಿಸಿ. ನಮ್ಮಲ್ಲಿ ಕಂಪನಿಯವರೂ ಅದನ್ನೇ ಮಾಡುತ್ತಿರುವುದು. 2020ರ ಹೋಂಡಾ ಸಿಟಿಯಲ್ಲಿ ಎಡ ಇಂಡಿಕೇಟರ್ ಹಾಕಿದರೆ ಎಡ ಮಿರರ್ ಕೆಳಗಿನ ಕ್ಯಾಮೆರಾದ ಚಿತ್ರ ನಡುವಿನ ಸ್ಕ್ರೀನಿಗೆ ಬರುತ್ತದೆ. ಹ್ಯುಂಡೈ ಅಲ್ಕಜಾರ್‌ನಲ್ಲಿ ಮೀಟರ್ ಜಾಗದಲ್ಲೇ ಬರುತ್ತದೆ. ಎಡಗಡೆಯಿಂದ ನುಗ್ಗುವ ಬೈಕಿಗೆ ಅಷ್ಟು ಸಾಕು. ಕ್ಯಾಮೆರಾ ಕೆಟ್ಟರೂ ಕನ್ನಡಿ ಇದ್ದೇ ಇರುತ್ತದೆ, ಅದಕ್ಕೆ ಕರೆಂಟು ಬೇಡ.

ಗಲ್ಲಿಕಾರು

ಎಲ್ಲರಿಗೂ ಥ್ಯಾಂಕ್ಸ್. ಮೊಬೈಲ್ ಅಂಟಿಸಿ ನೋಡಿದೆ. ವಿಡಿಯೋದಲ್ಲಿ ಬರುತ್ತಿರುವುದು ಆಟೋನಾ ಕಾರಾ ಅನ್ನುವುದಕ್ಕೆ ಕಣ್ಣು ಕಿರಿದು ಮಾಡಬೇಕಾಯಿತು. ಕನ್ನಡಕ ತೆಗೆದರೆ ಮೊಬೈಲ್ ಚೆನ್ನಾಗಿ ಕಾಣುತ್ತದೆ, ರಸ್ತೆ ಕಾಣುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ನಕ್ಕಿದ್ದೇ ನಕ್ಕಿದ್ದು, ಯಾಕೆ ಹೀಗೆ ಮಾಡುತ್ತಿದ್ದೀರಿ ಅಂತ ಕೇಳಿ ಗೇಟಿನ ವಿಷಯವೂ ಹೊರಗೆ ಬಂತು.

ಮಿರರ್ರೇ ಹಾಕಿಸುತ್ತೇನೆ. ಒಂಬತ್ತು ಸಾವಿರಕ್ಕಿಂತ ಕಡಿಮೆಗೆ ದಾರಿ ಇದೆಯಾ? ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡ್ ಕಡೆ ನೋಡಲಾ?

ಕ್ಲಚ್‌ವೈರ್

ನೋಡಿ, ಆದರೆ ಪೂರ್ತಿ ಅಸೆಂಬ್ಲಿ ಕೇಳಬೇಡಿ. ಮೊದಲು ಒಡೆದದ್ದನ್ನು ಬಿಚ್ಚಿಸಿ ಮಡಚುವ ಮೋಟಾರ್ ಓಡುತ್ತದಾ ಚೆಕ್ ಮಾಡಿಸಿ. ಅದು ಸರಿ ಇದ್ದರೆ ಗಾಜಿನ ಪ್ಲೇಟು, ಹೊರಗಿನ ಕವರು ಬೇರೆ ಬೇರೆ ಸಿಗುತ್ತವೆ, ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ಹಳೇ ಪೀಸು ಕೈಯಲ್ಲೇ ಹಿಡಿದುಕೊಂಡು ಹೋಗಿ, ಕನೆಕ್ಟರಿನಲ್ಲಿ ಎಷ್ಟು ಪಿನ್ ಇದೆ ಎಣಿಸಿಕೊಳ್ಳಿ, ಒಂದೇ ಕಾರಿನ ಬೇರೆ ಬೇರೆ ಮಾಡೆಲ್‌ಗೆ ಬೇರೆ ಬೇರೆ ಇರುತ್ತದೆ. ಗಾಜು ಉಬ್ಬು ಇದೆಯಾ ಅಂತ ಪಕ್ಕದಿಂದ ನೋಡಿ. ಚಪ್ಪಟೆ ಗಾಜು ಕತ್ತರಿಸಿ ಅಂಟಿಸಿ ಕೊಡುವವರೂ ಇದ್ದಾರೆ.