ಎಸ್‌ಎಸ್‌ಎಲ್‌ಸಿ ಮುಗಿಯಿತು, ಮುಂದೆ ಟ್ರ್ಯಾಕಾ, ಟ್ಯೂಷನ್ನಾ? ಕೋಚ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಪಿಯು ಅಡ್ಮಿಷನ್ ಸಮಯ. ಆಟ ಆಡುವ ಮಕ್ಕಳ ಪೋಷಕರ ಈ ಗ್ರೂಪಿನಲ್ಲಿ ದಿನವೂ ಅದೇ ಗೊಂದಲ: ಆಟವೋ, ಓದೋ? ಅದಕ್ಕೇ ಕೋಚ್ ಮೇಡಂ ಅವರನ್ನು ಕೇಳಿಕೊಂಡೆವು. ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದವರು, ಈಗಲೂ ಅಥ್ಲೆಟಿಕ್ಸ್ ತರಬೇತಿ ಕೊಡುತ್ತಾರೆ. ಈ ವಾರ ಬಿಡುವಾದಾಗ ಉತ್ತರಿಸುತ್ತಾರೆ. ದಯವಿಟ್ಟು ಫಾರ್ವರ್ಡ್ ಬೇಡ, ಗುಡ್ ಮಾರ್ನಿಂಗ್ ಬೇಡ.

ಈಜುಗಾರನ ಅಮ್ಮ, ಬಸವನಗುಡಿ: ಮೇಡಂ, ಇಂಜಿನಿಯರಿಂಗ್‌ಗೆ ಸ್ಪೋರ್ಟ್ಸ್ ಕೋಟಾ ಹೇಗೆ? ಮಗ ಈಗ ಪಿಯುಗೆ ಸೇರ್ತಾನೆ.

ಕೋಚ್ ಮೇಡಂ: ಸಿಇಟಿ ಅರ್ಜಿ ತುಂಬುವಾಗಲೇ ಕ್ರೀಡಾ ಕೋಟಾ ಬೇಕು ಎಂದು ನಮೂದಿಸಬೇಕು. ಆಮೇಲೆ ನೆನಪಾದರೆ ಆಗುವುದಿಲ್ಲ. ಮೂಲ ಸರ್ಟಿಫಿಕೇಟ್‌ಗಳನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪರಿಶೀಲಿಸುತ್ತದೆ. ಸೀಟು ಬಹಳ ಕಡಿಮೆ. ಮಾನ್ಯತೆ ಇರುವ ಫೆಡರೇಷನ್ ಅಥವಾ ಶಾಲಾ ಕ್ರೀಡಾಕೂಟದ ಸರ್ಟಿಫಿಕೇಟ್ ಮಾತ್ರ ಲೆಕ್ಕಕ್ಕೆ. ದುಡ್ಡು ಕಟ್ಟಿಸಿಕೊಂಡು ಎಲ್ಲೋ ಕರೆದುಕೊಂಡು ಹೋಗಿ, ಬಂದವರಿಗೆಲ್ಲ ‘ನ್ಯಾಷನಲ್ ಗೋಲ್ಡ್’ ಕೊಡುವ ಟೂರ್ನಿಗಳಿವೆ. ಆ ಕಾಗದ ಗೋಡೆಗೆ ಮಾತ್ರ. ಪ್ರತಿ ಕೂಟ ಮುಗಿದ ಕೂಡಲೇ ಸರ್ಟಿಫಿಕೇಟ್, ಫಲಿತಾಂಶದ ಪ್ರತಿ ಎರಡನ್ನೂ ತೆಗೆದಿಡಿ.

800 ಮೀಟರ್ ಅಪ್ಪ, ನಾಗರಬಾವಿ: ನಮಸ್ತೆ ಮೇಡಂ. ಮಗಳಿಗೆ 16 ವರ್ಷ. 800 ಮೀಟರ್ ಓಡುತ್ತಾಳೆ, ರಾಜ್ಯಮಟ್ಟದಲ್ಲಿ ಪದಕ ಇದೆ. ಎಸ್‌ಎಸ್‌ಎಲ್‌ಸಿಯಲ್ಲಿ 93%. ಒಂದು ಇಂಟಿಗ್ರೇಟೆಡ್ ಕಾಲೇಜಿನಲ್ಲಿ ನೀಟ್ ಕೋಚಿಂಗ್ ಜೊತೆ ಸೀಟು ಸಿಗುತ್ತಿದೆ, ಬೆಳಿಗ್ಗೆ 7.30ರಿಂದ ಸಂಜೆ 6. ಅವಳ ತಾಯಿ ಅದೇ ಇರಲಿ ಎನ್ನುತ್ತಾರೆ. ಅವಳ ಕೋಚ್ ‘ಕಾಮರ್ಸ್ ಹಾಕಿ, ಓಟ ಬಿಡಿಸಬೇಡಿ’ ಎನ್ನುತ್ತಾರೆ. ಫೀಸ್ ಕಟ್ಟಲು ಹತ್ತು ದಿನ ಇದೆ. ಯಾವುದು ಸರಿ? ಇನ್ನೊಂದು ಚಿಕ್ಕ ವಿಷಯ. ಮೂರು ತಿಂಗಳಿಂದ ಮೊಣಕಾಲ ಕೆಳಗೆ ಮೂಳೆ ನೋವು ಅಂತಾಳೆ. ಎಕ್ಸ್‌ರೇ ನಾರ್ಮಲ್, ಸ್ಪ್ರೇ ಹೊಡೆದುಕೊಂಡು ಓಡುತ್ತಿದ್ದಾಳೆ. ಐದು ತಿಂಗಳಿಂದ ಮುಟ್ಟೂ ಆಗಿಲ್ಲ. ಓಡುವ ಹುಡುಗಿಯರಿಗೆ ಅದು ಮಾಮೂಲು ಎಂದರು ಕೋಚ್.

ಕೋಚ್ ಮೇಡಂ: ಸರ್, ನೀವು ಕೊನೆಯಲ್ಲಿ ‘ಚಿಕ್ಕ ವಿಷಯ’ ಎಂದು ಸೇರಿಸಿದ್ದೇ ದೊಡ್ಡದು. ಕಾಲೇಜಿಗೆ ಹತ್ತು ದಿನ ಇದೆ. ಕಾಲಿಗೆ ಅಷ್ಟು ಪುರುಸೊತ್ತಿಲ್ಲ. ಇವತ್ತಿನಿಂದಲೇ ಓಟ ನಿಲ್ಲಿಸಿ. ನಿಧಾನ ಜಾಗಿಂಗೂ ಬೇಡ, ಸ್ಕಿಪ್ಪಿಂಗೂ ಬೇಡ.

ಓಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು ಅಪರೂಪವಲ್ಲ, ನಿಜ. ಹಾಗಂತ ಅದು ಆರೋಗ್ಯ ಅಲ್ಲ. ಮೂರು ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಲೇಬೇಕು. ಕಂಠೀರವ ಸ್ಟೇಡಿಯಂ ಗ್ಯಾಲರಿಯಲ್ಲಿ ಈ ‘ಮಾಮೂಲು’ ಎಂಬ ಮಾತನ್ನು ಎಷ್ಟು ಕೇಳಿದ್ದೇನೋ. ಹೇಳುವವರು ಹೆಚ್ಚಾಗಿ ಗಂಡಸರು.

ಆಗುವುದು ಇಷ್ಟು. ಓಡಿ ಖರ್ಚು ಮಾಡುವಷ್ಟು ಮಗು ತಿನ್ನುತ್ತಿಲ್ಲ. ಬೇಕಂತಲೇ ಕಡಿಮೆ ತಿನ್ನುತ್ತಿರಬಹುದು, ಹಸಿವೇ ಗೊತ್ತಾಗದೆ ಇರಬಹುದು, ತಿನ್ನಲು ಹೊತ್ತೇ ಸಿಗದಿರಬಹುದು. ಬರುವುದು ಕಡಿಮೆಯಾದಾಗ ದೇಹ ಖರ್ಚು ಕಡಿತ ಮಾಡುತ್ತದೆ. ಮೊದಲು ನಿಲ್ಲುವವುಗಳಲ್ಲಿ ಮುಟ್ಟೂ ಒಂದು. ಈಸ್ಟ್ರೋಜನ್ ಇಳಿಯುತ್ತದೆ. ಅದು ಇಳಿದರೆ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದು ಹಿಂದೆ ಬೀಳುತ್ತದೆ. ಅದೇ ಮೂಳೆಯ ಮೇಲೆ ದಿನವೂ ಸ್ಪೈಕ್ಸ್ ಹಾಕಿ ಓಡಿದರೆ ಕೂದಲೆಳೆಯ ಬಿರುಕು. ಕ್ರೀಡಾಪಟುಗಳಲ್ಲಿ ಶಕ್ತಿಯ ಕೊರತೆಯಿಂದ ಆಗುವ ಇದಕ್ಕೆ ರೆಡ್-ಎಸ್ ಎನ್ನುತ್ತಾರೆ. ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇಟ್ಟ ಹೆಸರು. ಹುಡುಗರಿಗೂ ಆಗುತ್ತದೆ, ಮುಟ್ಟಿನಂಥ ಗುರುತು ಇಲ್ಲದ್ದರಿಂದ ತಡವಾಗಿ ಗೊತ್ತಾಗುತ್ತದೆ ಅಷ್ಟೇ.

ಎಕ್ಸ್‌ರೇ ನಾರ್ಮಲ್ ಎಂದು ನಂಬಿ ಕೂರಬೇಡಿ. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. ಕ್ರೀಡಾ ಗಾಯ ನೋಡುವ ವೈದ್ಯರ ಬಳಿ ಹೋಗಿ. ನೋವು ಒಂದೇ ಬೆರಳಿನಷ್ಟು ಜಾಗದಲ್ಲಿದೆಯೇ, ಉದ್ದಕ್ಕೂ ಇದೆಯೇ, ರಾತ್ರಿ ಮಲಗಿದಾಗಲೂ ಇದೆಯೇ ಎಂದು ಮಗಳನ್ನೇ ಕೇಳಿ, ಬರೆದುಕೊಂಡು ಹೋಗಿ. ಒಂದೇ ಜಾಗ ಮತ್ತು ರಾತ್ರಿ ನೋವು ಎಂದರೆ ನನಗೆ ಭಯ ಜಾಸ್ತಿ. ಮೊಣಕಾಲ ಕೆಳಗಿನ ಮೂಳೆಯ ಮುಂಭಾಗದ ನಡುವಿನಲ್ಲಿ ಬಿರುಕಾದರೆ ಕೂಡುವುದು ನಿಧಾನ. ತೊಡೆಸಂದಿನಲ್ಲಿ ನೋವು ಎಂದರೆ ಕಾಯಬೇಡಿ, ಅವತ್ತೇ ಹೋಗಿ.

ಸ್ತ್ರೀರೋಗ ತಜ್ಞರನ್ನೂ ನೋಡಿ. ಥೈರಾಯ್ಡ್, ಪಿಸಿಒಡಿಯಂಥ ಬೇರೆ ಕಾರಣ ಇದೆಯೇ ಎಂದು ಅವರೇ ಹೇಳಬೇಕು, ನಾನಲ್ಲ. ಆದರೆ ‘ಇವಳು ದಿನವೂ ಓಡುತ್ತಾಳೆ, ಮೂಳೆ ನೋವಿದೆ’ ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮುಟ್ಟು ತರಿಸುವ ಮಾತ್ರೆ ಬರೆದು ಕಳಿಸುವ ಸಾಧ್ಯತೆ ಇದೆ. ಮಾತ್ರೆಯಿಂದ ರಕ್ತ ಬರುತ್ತದೆ, ಎಲ್ಲ ಸರಿಯಾಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಊಟದ ಕೊರತೆ ಹಾಗೇ ಇರುತ್ತದೆ, ಮೂಳೆಯೂ ಹಾಗೇ ಇರುತ್ತದೆ.

ಇವಕ್ಕೆ ಉತ್ತರಿಸಿ: ಬೆಳಿಗ್ಗೆ ಟ್ರ್ಯಾಕಿಗೆ ಹೊರಡುವ ಮುಂಚೆ ಏನು ತಿನ್ನುತ್ತಾಳೆ? ಬಂದ ಮೇಲೆ ಎಷ್ಟು ಹೊತ್ತಿಗೆ ತಿಂಡಿ? ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತದೆಯೇ? ಕೋಚ್ ತೂಕ ನೋಡುತ್ತಾರೆಯೇ, ಎಲ್ಲರ ಮುಂದೆಯೇ?

ಅಜ್ಜಿ ಮದ್ದು ಅಭಿಮಾನಿ, ಚಾಮರಾಜಪೇಟೆ: ಸರ್, ಎಂಆರ್‌ಐಗೆ ಸುಮ್ನೆ ದುಡ್ಡು ಸುರಿಯಬೇಡಿ. ಫಾರ್ವರ್ಡ್ ಬಂದಿದೆ: ಮಂಗರವಳ್ಳಿ ಚಟ್ನಿ, ನುಗ್ಗೆಸೊಪ್ಪಿನ ಪುಡಿ ಹಾಲಿನಲ್ಲಿ, ಜೊತೆಗೆ ನಾಟಿ ವೈದ್ಯರ ಕಟ್ಟು. 15 ದಿನದಲ್ಲಿ ಮೂಳೆ ಕಬ್ಬಿಣ.

ಕೋಚ್ ಮೇಡಂ: ಮಂಗರವಳ್ಳಿ ಚಟ್ನಿ ನನಗೂ ಇಷ್ಟ. ಅನ್ನದ ಜೊತೆ ಕೊಡಿ, ಅನ್ನ ಜಾಸ್ತಿ ಬಡಿಸಿ. ಆದರೆ ಬಿರುಕು ಎಲ್ಲಿದೆ ಎಂದು ನೋಡದೆ ಕಟ್ಟು ಬಿಗಿದು, ನೋವು ಕಡಿಮೆಯಾಯಿತೆಂದು ಓಡಿಸಿದರೆ ಮೂಳೆ ಪೂರ್ತಿ ಮುರಿಯಬಹುದು. ಫಾರ್ವರ್ಡ್ ಬೇಡ ಎಂದು ಅಡ್ಮಿನ್ ಮೊದಲೇ ಬರೆದಿದ್ದಾರೆ.

ಶಟಲ್ ಅಪ್ಪ, ಜಯನಗರ: ಕ್ಷಮಿಸಿ, ಹೆಣ್ಣುಮಕ್ಕಳ ಈ ವಿಷಯ ಎಲ್ಲರ ಮುಂದೆ ಬೇಕಾ? ಇಲ್ಲಿ ಕಾಲೇಜು ಅಡ್ಮಿಷನ್ ಮಾತು ಅಲ್ವಾ? ಪರ್ಸನಲ್ ಆಗಿ ಮಾತಾಡಿಕೊಳ್ಳಲಿ.

ಖೋಖೋ ಅಮ್ಮ, ರಾಜಾಜಿನಗರ: ನನ್ನ ಮಗಳಿಗೂ ನಾಲ್ಕು ತಿಂಗಳಾಯಿತು ಸರ್. ಇಲ್ಲಿ ಓದದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ನಿಮಗೆ ಮುಜುಗರ ಆದರೆ ಮುಂದಕ್ಕೆ ಹೋಗಿ.

ಶಟಲ್ ಅಪ್ಪ, ಜಯನಗರ: ಸಭ್ಯತೆ ಅಂತ ಒಂದಿದೆ ಅಂದೆ ಅಷ್ಟೇ.

ಕೋಚ್ ಮೇಡಂ: ಸರ್, ಹೆಸರಿಲ್ಲ, ಕಾಲೇಜಿಲ್ಲ, ಫೋಟೋ ಇಲ್ಲ. ಇನ್ನೇನು ಮುಚ್ಚಬೇಕು? ಖೋಖೋ ಅಮ್ಮ, ನೀವೂ ವೈದ್ಯರಿಗೆ ತೋರಿಸಿ, ಈ ವಾರವೇ.

ಚೆಸ್ ತಾಯಿ, ಮಲ್ಲೇಶ್ವರ: ಮೇಡಂ, ಚೆಸ್ ಆಡುವವರಿಗೂ ಕೋಟಾ ಇದೆಯಾ?

ಜೆಇಇ ಅಪ್ಪ, ವಿಜಯನಗರ: ಒಂದು ಮಾತು. ಕುಂಬ್ಳೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಶ್ರೀನಾಥ್ ಮೈಸೂರಲ್ಲಿ ಇಂಜಿನಿಯರಿಂಗ್ ಓದಿದವರು. ದ್ರಾವಿಡ್ ಕಾಮರ್ಸ್ ಪದವಿ. ಮನಸ್ಸಿದ್ದರೆ ಎರಡೂ ಆಗುತ್ತದೆ. ಈಗಿನ ಮಕ್ಕಳಿಗೆ ನೆಪ ಜಾಸ್ತಿ.

ಈಜುಗಾರನ ಅಮ್ಮ, ಬಸವನಗುಡಿ: ಪ್ರತಿ ವರ್ಷ ಈ ಮೂರು ಹೆಸರು ಬರುತ್ತೆ ನೋಡಿ. ಅವರ ಜೊತೆ ಆಡಿ ಎರಡೂ ಕಳೆದುಕೊಂಡವರ ಹೆಸರು ಯಾರಿಗಾದರೂ ಗೊತ್ತಾ?

ಜೆಇಇ ಅಪ್ಪ, ವಿಜಯನಗರ: ಅಂದರೆ ಓದಿಸಬೇಡಿ ಅಂತೀರಾ?

ಈಜುಗಾರನ ಅಮ್ಮ, ಬಸವನಗುಡಿ: ನಾನು ಹಾಗೆ ಎಲ್ಲಿ ಹೇಳಿದೆ? ಆಗಿನ ಕಾಲೇಜು ಮಧ್ಯಾಹ್ನಕ್ಕೆ ಬಿಡ್ತಿತ್ತು. ಈಗ ಪಿಯು ಮಕ್ಕಳನ್ನೇ ಸಂಜೆ ಆರರವರೆಗೆ ಕೂಡಿಹಾಕ್ತಾರೆ. ನನ್ನ ಮಗ 4.30ಕ್ಕೆ ಏಳ್ತಾನೆ. ನೀವು ಏಳ್ತೀರಾ?

ಜೆಇಇ ಅಪ್ಪ, ವಿಜಯನಗರ: ಪರ್ಸನಲ್ ಆಗಬೇಡಿ ಮೇಡಂ. ಅಂದಹಾಗೆ ಐಐಟಿಗೆ ಈಗ ಜೆಇಇ ಇಲ್ಲದೇ ಸ್ಪೋರ್ಟ್ಸ್ ಸೀಟು ಕೊಡ್ತಾರಂತೆ. ಅದಾದರೂ ಗೊತ್ತಾ?

ಕೋಚ್ ಮೇಡಂ: ಅರ್ಧ ನಿಜ, ಅರ್ಧ ಫಾರ್ವರ್ಡ್. ಐಐಟಿ ಮದ್ರಾಸ್ 2024ರಲ್ಲಿ ಶುರು ಮಾಡಿತು. ಪ್ರತಿ ಕೋರ್ಸಿಗೆ ಎರಡು ಹೆಚ್ಚುವರಿ ಸೀಟು, ಅದರಲ್ಲಿ ಒಂದು ಹುಡುಗಿಯರಿಗೆ. ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಪಟ್ಟಿಯಲ್ಲಿ ಇರಲೇಬೇಕು. ಹಿಂದಿನ ನಾಲ್ಕು ವರ್ಷಗಳಲ್ಲಿ ರಾಷ್ಟ್ರಮಟ್ಟದ ಅಥವಾ ಅಂತರರಾಷ್ಟ್ರೀಯ ಪದಕವೂ ಬೇಕು. ಎರಡೂ ಇರುವ ಮಗು ನಿಮ್ಮ ಮನೆಯಲ್ಲಿದ್ದರೆ ನನ್ನ ಸಲಹೆ ನಿಮಗೆ ಬೇಕಿಲ್ಲ.

ಟೆನಿಸ್ ಅಪ್ಪ, ವೈಟ್‌ಫೀಲ್ಡ್: ಮೇಡಂ, ಒಬ್ಬ ಏಜೆಂಟ್ ಅಮೆರಿಕದಲ್ಲಿ 100% ಸ್ಕಾಲರ್‌ಶಿಪ್ ಗ್ಯಾರಂಟಿ ಎನ್ನುತ್ತಿದ್ದಾರೆ. ಈಗ ಸ್ವಲ್ಪ ಅಡ್ವಾನ್ಸ್, ಸ್ಕಾಲರ್‌ಶಿಪ್ ಬಂದ ಮೇಲೆ ಅದರಲ್ಲಿ ಶೇಕಡಾವಾರು. ಮಗ ಪಿಯುಸಿ ಮುಗಿಸಿ ಎರಡು ವರ್ಷ ಆಡಿ ಆಮೇಲೆ ಹೋಗಲಿ ಎಂದೂ ಹೇಳಿದರು.

ಕೋಚ್ ಮೇಡಂ: ಎರಡೂ ಸಲಹೆ ಅಪಾಯ. ಸ್ಕಾಲರ್‌ಶಿಪ್ ಮೊತ್ತದಲ್ಲಿ ಪಾಲು ಕೊಡುವುದು ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮಕ್ಕೆ ವಿರುದ್ಧ. ಹುಡುಗನ ಅರ್ಹತೆಗೇ ಕುತ್ತು. ನಿಗದಿತ ಶುಲ್ಕ ಬೇರೆ, ಪಾಲು ಬೇರೆ. ಪಿಯುಸಿ ನಂತರ ಕಾಲೇಜು ಸೇರದೆ ಟೂರ್ನಿ ಆಡುತ್ತ ಹೋದರೆ ಅಲ್ಲಿ ಆಡಬಹುದಾದ ವರ್ಷಗಳು ಕಡಿಮೆಯಾಗಬಹುದು, ಟೆನಿಸ್‌ನಲ್ಲಿ ಈ ವಿಷಯ ಇನ್ನೂ ಬಿಗಿ. ನಿಯಮ ಆಗಾಗ ಬದಲಾಗುತ್ತದೆ, ಅವರ ಎಲಿಜಿಬಿಲಿಟಿ ಸೆಂಟರ್ ವೆಬ್‌ಸೈಟಿನಲ್ಲಿ ನೀವೇ ಓದಿ. ಅವರ ಮೇಲಿನ ಹಂತ ಡಿವಿಷನ್ 1ಕ್ಕೆ 9ನೇ ತರಗತಿಯಿಂದಲೇ 16 ಕೋರ್ ವಿಷಯಗಳ ಲೆಕ್ಕ ನೋಡುತ್ತಾರೆ, ಅಂಕಪಟ್ಟಿ ಎಲ್ಲ ಇಟ್ಟುಕೊಳ್ಳಿ. ಡಿವಿಷನ್ 3 ಮತ್ತು ಹಾರ್ವರ್ಡ್‌ನಂಥ ಐವಿ ಲೀಗ್ ಕಾಲೇಜುಗಳು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಅಲ್ಲಿನ ಕೋಚ್‌ಗಳಿಗೆ ಮಗನೇ ಇಮೇಲ್ ಬರೆಯಲಿ: ಪಂದ್ಯದ ವಿಡಿಯೋ, ಫಲಿತಾಂಶ, ಅಂಕ. ಅದಕ್ಕೆ ಏಜೆಂಟ್ ಬೇಕಿಲ್ಲ. ಗ್ಯಾರಂಟಿ ಎಂದವರಿಗೆ ಒಂದು ರೂಪಾಯಿ ಕೊಡಬೇಡಿ.

ಲಾಂಗ್‌ಜಂಪ್ ಅಮ್ಮ, ಕೆಂಗೇರಿ: ಸ್ಪೋರ್ಟ್ಸ್ ಕೋಟಾಗೆ ಯಾವಾಗ ಅರ್ಜಿ ಹಾಕಬೇಕು ಮೇಡಂ?

ಕೋಚ್ ಮೇಡಂ: ಮೊದಲ ಉತ್ತರ ನೋಡಿ.

ಕಬಡ್ಡಿ ಅಪ್ಪ, ಪೀಣ್ಯ: ಮಗ ಜಿಲ್ಲಾಮಟ್ಟ ದಾಟಲ್ಲ ಅನ್ಸುತ್ತೆ, ಆದರೆ ಆಟ ಬಿಟ್ಟು ಬೇರೆ ಏನೂ ಬೇಡ ಅಂತಾನೆ. ಏನು ಓದಿಸಲಿ?

ಕೋಚ್ ಮೇಡಂ: ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡುವುದು ಇಷ್ಟವೇ ಎಂದು ಒಂದು ಬೇಸಿಗೆ ಶಿಬಿರದಲ್ಲಿ ನಿಲ್ಲಿಸಿ ನೋಡಿ. ಇಷ್ಟ ಎಂದರೆ ಪದವಿ, ಆಮೇಲೆ ದೈಹಿಕ ಶಿಕ್ಷಕರಾಗಲು ಎರಡು ವರ್ಷದ ಬಿ.ಪಿ.ಎಡ್. ಕೋಚ್ ಆಗಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ. ಗ್ವಾಲಿಯರ್‌ನ ದೈಹಿಕ ಶಿಕ್ಷಣ ಸಂಸ್ಥೆ ಎಲ್‌ಎನ್‌ಐಪಿಇ ಕೂಡ ಇದೆ. ಪಿಯುನಲ್ಲಿ ಬಯಾಲಜಿ ತೆಗೆದುಕೊಂಡರೆ ಫಿಸಿಯೋಥೆರಪಿಯ ಬಾಗಿಲೂ ತೆರೆದಿರುತ್ತದೆ. ರೈಲ್ವೆ ಕ್ರೀಡಾ ನೇಮಕಾತಿಗೆ ಜಿಲ್ಲಾಮಟ್ಟ ಸಾಲದು. ಅದನ್ನು ನಂಬಿ ಕೂರಿಸಬೇಡಿ.

ಜಿಮ್ ಅಣ್ಣ, ಬನಶಂಕರಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹೇಳ್ತಿದ್ದೀನಿ. ನಮ್ಮ ಹರ್ಬಲ್ ಸ್ಟ್ಯಾಮಿನಾ ಪೌಡರ್, ಪೂರ್ತಿ ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ. ಗ್ರೂಪಿನವರಿಗೆ ಡಿಸ್ಕೌಂಟ್.

ಕೋಚ್ ಮೇಡಂ: ಡಬ್ಬಿಯ ಮೇಲೆ ಹರ್ಬಲ್ ಎಂದಿದ್ದು ಒಳಗೆ ಸ್ಟೀರಾಯ್ಡ್ ಬೆರೆಸಿರುವುದು ಹೊಸದಲ್ಲ. ಡೋಪಿಂಗ್ ನಿಯಮ ಹೀಗಿದೆ: ದೇಹದಲ್ಲಿ ಸಿಕ್ಕಿದರೆ ಹೊಣೆ ಓಡುವವರದ್ದೇ. ‘ಗೊತ್ತಿರಲಿಲ್ಲ’ ಎಂದರೆ ಶಿಕ್ಷೆ ಕಡಿಮೆ ಆಗಬಹುದು, ಪದಕ ಉಳಿಯುವುದಿಲ್ಲ. ನಾಲ್ಕು ವರ್ಷದವರೆಗೆ ನಿಷೇಧ ಬೀಳಬಹುದು. ನಾಲ್ಕು ವರ್ಷ ಎಂದರೆ ಈ ಮಕ್ಕಳ ಪಿಯು, ಡಿಗ್ರಿಯ ಬಹುಪಾಲು ಕಳೆದುಹೋಯಿತು. ಅಡ್ಮಿನ್, ಇವರನ್ನು ತೆಗೆಯಿರಿ.

ಜಿಮ್ ಅಣ್ಣ, ಬನಶಂಕರಿ: ಅನುಭವ ಇಲ್ಲದವರು ಮಾತಾಡಬಾರದು ಮೇಡಂ.

ಅಡ್ಮಿನ್: ತೆಗೆಯಲಾಗಿದೆ.

ಹರ್ಡಲ್ಸ್ ಅಮ್ಮ, ಯಲಹಂಕ: ಮಗಳು ಚೆನ್ನಾಗಿ ಓಡ್ತಾಳೆ. ಮನೆಯವರು ಪಿಯು ಆದಮೇಲೆ ಆಟ ಸಾಕು ಅಂತಾರೆ. ಹೇಗೆ ಒಪ್ಪಿಸಲಿ?

ಖೋಖೋ ಅಮ್ಮ, ರಾಜಾಜಿನಗರ: ನಮ್ಮಲ್ಲೂ ಅದೇ ಕಥೆ ಅಕ್ಕ.

800 ಮೀಟರ್ ಅಪ್ಪ, ನಾಗರಬಾವಿ: ಮೇಡಂ, ಎಂಆರ್‌ಐ ಆಯಿತು. ಬಿರುಕು ಪೂರ್ತಿ ಆಗಿಲ್ಲ, ಆದರೆ ಶುರುವಾಗಿದೆ. ವೈದ್ಯರು ಓಟ ಪೂರ್ತಿ ನಿಲ್ಲಿಸಿದ್ದಾರೆ, ರಕ್ತ ಪರೀಕ್ಷೆಯೂ ಬರೆದಿದ್ದಾರೆ. ನೀವು ಕೇಳಿದ್ದು ಸರಿ. ಬೆಳಿಗ್ಗೆ ಬರೀ ಟೀ ಕುಡಿದು ಹೋಗ್ತಿದ್ದಳಂತೆ. ಎರಡು ಕೆ.ಜಿ. ಇಳಿಸಿದರೆ ಟೈಮಿಂಗ್ ಬರುತ್ತೆ ಎಂದು ಕೋಚ್ ಹೇಳಿದ್ದರಂತೆ. ಮಧ್ಯಾಹ್ನದ ಡಬ್ಬಿ ಗೆಳತಿಗೆ ಕೊಡ್ತಿದ್ದಳಂತೆ. ಕಾಲೇಜಿಗೆ ಇನ್ನು ಮೂರು ದಿನ.

ಕೋಚ್ ಮೇಡಂ: ಬೇಗ ಸಿಕ್ಕಿತು, ಒಳ್ಳೆಯದು. ಆಹಾರ ತಜ್ಞರನ್ನು ನೋಡಿ. ಊಟದ ವಿಷಯಕ್ಕೆ ಬೈಯಬೇಡಿ, ಪಕ್ಕ ಕೂತು ನೀವೂ ತಿನ್ನಿ. ಎರಡು ಕೆ.ಜಿ. ಲೆಕ್ಕ ಕೊಟ್ಟವರ ಬಳಿ ಮತ್ತೆ ಕಳಿಸುವ ಮುಂಚೆ ನೀವೇ ಹೋಗಿ ಎದುರು ಕೂತು ಮಾತಾಡಿ. ಅವರು ಮತ್ತೆ ‘ಮಾಮೂಲು’ ಎಂದರೆ ಬೇರೆ ಕೋಚ್ ಹುಡುಕಿ.

ಈಗ ಕಾಲೇಜು. ಇಂಟಿಗ್ರೇಟೆಡ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಓದಿನ ಮೇಲೆ ಸಿಟ್ಟಿಲ್ಲ. ಲೆಕ್ಕ ಕೂಡುವುದಿಲ್ಲ. ಈ ವಯಸ್ಸಿಗೆ ಕನಿಷ್ಠ ಎಂಟು ಗಂಟೆ ನಿದ್ದೆ ಬೇಕು. 7.30ರಿಂದ 6 ಕಾಲೇಜು, ಮೇಲೆ ಟ್ರಾಫಿಕ್, ಮೇಲೆ ಅಭ್ಯಾಸ. ಮೊದಲು ಹೋಗುವುದು ನಿದ್ದೆ, ಆಮೇಲೆ ತಿಂಡಿ. ಮತ್ತೆ ಅದೇ ಕಾಲು. ಓಟ ಬಿಡಿಸಿ ಅಲ್ಲಿಗೆ ಹಾಕುವುದಾದರೆ ಅದೂ ಒಂದು ದಾರಿಯೇ. ಆದರೆ ಹಾಗೆಂದು ಬಾಯಿಬಿಟ್ಟು ನಿರ್ಧರಿಸಿ. ಎರಡೂ ನಡೆಯುತ್ತದೆ ಎಂದು ಅವಳಿಗೆ ಹೇಳಬೇಡಿ.

ಕಾಮರ್ಸೇ ಆಗಬೇಕೆಂದೂ ಇಲ್ಲ. ನಾಗರಬಾವಿಯಿಂದ ಓಟದ ಅಭ್ಯಾಸಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕಡೆ ಹತ್ತಿರ. ಮೂರು ಗಂಟೆಯೊಳಗೆ ಬಿಡುವ ಸಾಮಾನ್ಯ ಪಿಯು ಕಾಲೇಜು ಹುಡುಕಿ, ಸೈನ್ಸ್ ಇರಲಿ. 75% ಹಾಜರಾತಿ ಎಲ್ಲ ಕಡೆಯೂ ಬೇಕು. ಕ್ರೀಡಾಕೂಟಕ್ಕೆ ಹೋದ ದಿನಗಳಿಗೆ ಹಾಜರಾತಿ ಕೊಡುತ್ತಾರಾ ಎಂದು ಪ್ರಿನ್ಸಿಪಾಲರಿಂದ ಬರೆಸಿಕೊಳ್ಳಿ. ‘ನೋಡೋಣ ಬಿಡಿ’ ಎಂದರೆ ಇಲ್ಲ ಎಂದರ್ಥ. ಅಲ್ಲಿನ ಪಿ.ಇ. ಮೇಷ್ಟ್ರನ್ನು ಭೇಟಿಯಾಗದೆ ಫೀಸ್ ಕಟ್ಟಬೇಡಿ. ನಿಮ್ಮ ಮೊದಲ ಮೆಸೇಜ್‌ನಲ್ಲಿ ತಾಯಿ ಏನಂದರು, ಕೋಚ್ ಏನಂದರು ಎಂದು ಬರೆದಿದ್ದೀರಿ. ಅವಳು ಏನನ್ನುತ್ತಾಳೆ?

800 ಮೀಟರ್ ಅಪ್ಪ, ನಾಗರಬಾವಿ: ಬಯಾಲಜಿ ಇಷ್ಟ ಅಂತಾಳೆ. ಡಾಕ್ಟರ್ ಬೇಡ, ಫಿಸಿಯೋ ಆಗ್ತೀನಿ ಅಂತಾಳೆ. ಅವಳಮ್ಮ ಇನ್ನೂ ಒಪ್ಪಿಲ್ಲ.

ಜೆಇಇ ಅಪ್ಪ, ವಿಜಯನಗರ: 93% ತೆಗೆದು ಫಿಸಿಯೋನಾ?

ಕೋಚ್ ಮೇಡಂ: ನಿಮ್ಮನ್ನು ಕೇಳಿದರಾ ಸರ್? 800 ಮೀಟರ್ ಅಪ್ಪ, ಅಮ್ಮನನ್ನೂ ಕರೆದುಕೊಂಡು ಇಬ್ಬರೂ ಒಟ್ಟಿಗೆ ವೈದ್ಯರ ಮುಂದಿನ ಭೇಟಿಗೆ ಹೋಗಿ.

ಶಾಟ್‌ಪುಟ್ ಅಪ್ಪ, ಯಶವಂತಪುರ: ತಡವಾಗಿ ನೋಡಿದೆ. ಮೇಡಂ, ಸ್ಪೋರ್ಟ್ಸ್ ಕೋಟಾಗೆ ಏನೇನು ಬೇಕು?

ಅಡ್ಮಿನ್: ಮೇಲೆ ಇದೆ ಸರ್, ಎರಡು ಸಲ.